ಇಳಿಸುವವನು

"ಏನ್ ಸಾರ್, ಬೆಳಗ್ಗೆಯಿಂದ ನೋಡ್ತಾ ಇದೀನಿ, ನನ್ನ ಹಿಂದೆ ಬಿದ್ದಿದೀರಾ?"

ಬೆಟ್ಟದ ದಾರಿಯಲ್ಲಿ ತಿರುಗಿ ನಿಂತು, ಸೊಂಟದ ಮೇಲೆ ಕೈ ಇಟ್ಟು ಕೇಳಿದಳು. ಅವಳು ನಿಂತಾಗ ನಾನೂ ನಿಂತಿದ್ದೆ, ಕೂತಾಗ ಕೂತಿದ್ದೆ. ದಾರಿ ಬಿಟ್ಟುಕೊಟ್ಟರೂ ಮುಂದೆ ಹೋಗಿರಲಿಲ್ಲ. ಯಾರಿಗಾದರೂ ಅನುಮಾನ ಬರುವಂಥದ್ದೇ.

"ಹಿಂದೆ ಬೀಳೋದೇ ನನ್ನ ಕೆಲಸ ಮೇಡಂ. ಅದಕ್ಕೇ ಸಂಬಳ ಕೊಡ್ತಾರೆ."

ಹನ್ನೆರಡು ಜನರ ಗುಂಪಿಗೆ ಮುಂದೊಬ್ಬ ಗೈಡ್, ಹಿಂದೊಬ್ಬ. ಹಿಂದಿನವನು ನಾನು. ಎಲ್ಲರಿಗಿಂತ ನಿಧಾನ ನಡೆಯುವವರನ್ನು ನಾನು ದಾಟುವಂತಿಲ್ಲ. ಅವರಿಗೆ ಆಗದಿದ್ದರೆ ಇಳಿಸಿಕೊಂಡು ಬರಬೇಕಾದವನೂ ನಾನೇ. ಗುಂಪೆಂದ ಮೇಲೆ ಆಗದವರು ಒಬ್ಬರಾದರೂ ಇರುತ್ತಾರೆ. ಹಾಗಾಗಿ ಒಂಬತ್ತು ವರ್ಷದಿಂದ ಇದೇ ಬೆಟ್ಟ ಹತ್ತುತ್ತಿದ್ದರೂ ತುದಿಯನ್ನು ಕಂಡದ್ದು ಕೆಳಗಿನಿಂದಲೇ. ನಮ್ಮ ಅಡುಗೆಯಮ್ಮ ನನ್ನನ್ನು ಕರೆಯುವುದೇ 'ಬಾಲ' ಎಂದು. ಆ ಮಧ್ಯಾಹ್ನದಿಂದ ಅವಳೂ 'ಬಾಲ ಸಾರ್' ಎನ್ನತೊಡಗಿದಳು.

ಅವಳು ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುವವಳು. ಬೆಟ್ಟಕ್ಕೆ ಬರಬೇಕಾಗಿದ್ದದ್ದು ಅಕ್ಕನಂತೆ. ಕೊನೆ ಗಳಿಗೆಯಲ್ಲಿ ಅಕ್ಕನ ಮಂಡಿ ಕೈಕೊಟ್ಟಿತು. "ಶೂ ಅವಳದು, ಜಾಕೆಟ್ ಅವಳದು, ಆಸೆನೂ ಅವಳದೇ. ಕಾಲು ಮಾತ್ರ ನಂದು," ಎಂದಳು.

ಎರಡನೇ ದಿನ ಒಂದು ಬಂಡೆಯ ಮೇಲೆ ಕೂತು ಬಿಸಿನೀರು ಕುಡಿಯುತ್ತಿದ್ದೆವು. ಅವಳೇನೋ ತಮಾಷೆ ಮಾಡಿದಳು, ನಾನು ನಕ್ಕೆ.

"ನಗುವಾಗ ಬಾಯಿ ಯಾಕೆ ಮುಚ್ಕೋತೀರಾ?"

"ಮುಂದಿನ ಹಲ್ಲು ಓರೆ."

"ತೋರಿಸಿ."

ಕಸುಬು ಬಲ್ಲವಳ ಗಾಂಭೀರ್ಯದಿಂದ ಮುಖ ಹತ್ತಿರ ತಂದಳು. ಒಂದು ಗೇಣು ದೂರ ಇದ್ದಿರಬಹುದು. ಅವಳು ನೋಡಿದ್ದು ಹಲ್ಲು. ನಾನು ನೋಡಿದ್ದು ಅವಳ ರೆಪ್ಪೆಗೆ ಅಂಟಿದ್ದ ಧೂಳು, ಬಿಸಿಲಿಗೆ ಸುಲಿದ ಮೂಗಿನ ತುದಿ. ಉಸಿರು ಬಿಗಿಹಿಡಿದು ಕೂತೆ.

"ಇಂಥದ್ದನ್ನ ನಾನು ಬೇಕೂಂತ ಮಾಡಿದ್ರೂ ಬರಲ್ಲ," ಎಂದು ಹಿಂದೆ ಸರಿದಳು. "ಸರಿ ಮಾಡಿಸೋಕೆ ಹೋಗ್ಬೇಡಿ."

ಅವತ್ತಿಡೀ ಬಾಯಿ ಬಿಟ್ಟುಕೊಂಡೇ ನಕ್ಕೆ. "ಬಾಲಕ್ಕೆ ಏನೋ ಆಗಿದೆ," ಎಂದರು ಅಡುಗೆಯಮ್ಮ. ನನಗೂ ಹಾಗೇ ಅನ್ನಿಸಿತ್ತು. ನಲವತ್ತಕ್ಕೆ ಬಂದ ಮನುಷ್ಯ, ಎರಡು ದಿನದ ಪರಿಚಯಕ್ಕೆ ಹೀಗೆ ಮೈಮರೆಯುವುದು ಯಾವ ಲಕ್ಷಣ ಎಂದು ನನ್ನನ್ನೇ ಬೈದುಕೊಂಡೆ. ಬೈದು ಉಪಯೋಗವಾಗಲಿಲ್ಲ.

ಅಷ್ಟು ಎತ್ತರದಲ್ಲಿ ಗಾಳಿ ತೆಳು. ಅದು ಒಗ್ಗದವರಿಗೆ ಮೊದಲು ತಲೆ ನೋಯುತ್ತದೆ, ಆಮೇಲೆ ಊಟ ಸೇರುವುದಿಲ್ಲ, ಆಮೇಲೆ ಹೆಜ್ಜೆ ತಪ್ಪುತ್ತದೆ. ಅಲ್ಲಿಂದ ಮುಂದೆ ಹೋದರೆ ಜೀವಕ್ಕೇ ಸಂಚಕಾರ. ಅದಕ್ಕೇ ದಿನಾ ಸಂಜೆ ಒಬ್ಬೊಬ್ಬರನ್ನೂ ಕೂರಿಸಿಕೊಂಡು ತಲೆನೋವಿದೆಯಾ, ಊಟ ಸೇರಿತಾ ಎಂದು ಕೇಳುವುದು ನನ್ನ ಕೆಲಸ. ತಲೆ ನೋಯುತ್ತಿದೆ, ಊಟ ಸೇರಲಿಲ್ಲ ಎಂದವರನ್ನು ಹತ್ತಿಸುವಂತಿಲ್ಲ.

ಮೂರನೇ ಸಂಜೆ ಅವಳು ಸೂಪನ್ನು ಹಾಗೇ ಪಕ್ಕಕ್ಕಿಟ್ಟು, ಯಾರೂ ನೋಡುತ್ತಿಲ್ಲವೆಂದುಕೊಂಡು ಎರಡು ಬೆರಳಿನಿಂದ ಹಣೆ ಒತ್ತಿಕೊಂಡಳು. ನಾನು ನೋಡಿದೆ. ಹನ್ನೊಂದು ಜನರನ್ನು ಕೇಳಿದೆ. ಅವಳ ಹತ್ತಿರ ಬಂದಾಗ, "ನಾಳೆ ತುದಿ. ಬೇಗ ಮಲಗಿ," ಎಂದಷ್ಟೇ ಹೇಳಿ ಎದ್ದುಬಿಟ್ಟೆ.

ಒಂಬತ್ತು ವರ್ಷದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು.

ನಾಲ್ಕನೇ ದಿನ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಎಂಟು ಗಂಟೆಗೆ ಗುಂಪು ಬಹಳ ಮುಂದೆ ಹೋಗಿತ್ತು. ತುದಿ ಇನ್ನು ಒಂದು ಗಂಟೆಯ ದಾರಿ. ಅವಳು ಒಂದು ಕಲ್ಲಿನ ಮೇಲೆ ಕೂತು ಗ್ಲೌಸ್ ಹಾಕಿಕೊಳ್ಳಲು ನೋಡಿದಳು. ಹೆಬ್ಬೆರಳಿನ ಜಾಗ ಸಿಗಲಿಲ್ಲ. ದಿನವಿಡೀ ಹಲ್ಲಿನ ಅಚ್ಚಿಗೆ ಅಕ್ಕಿಕಾಳಿನಷ್ಟು ಮೇಣವನ್ನು ತಿದ್ದುವ ಕೈ ಅದು.

"ಇಳಿಯೋಣ," ಎಂದೆ.

"ಇಲ್ಲ. ಒಂದೇ ಗಂಟೆ ಅಲ್ವಾ?"

"ನಿಮಗೆ ತಲೆನೋವು ನಿನ್ನೆಯಿಂದ ಇದೆ."

"ಇರ್ಲಿ." ಮಾತು ತೊದಲುತ್ತಿತ್ತು. "ಅಡುಗೆಯಮ್ಮ ಹೇಳಿದ್ರು, ನೀವು ಒಂದು ಸಲಾನೂ ಮೇಲೆ ಹೋಗಿಲ್ವಂತೆ. ನಾನು ಹೋದ್ರೆ ತಾನೇ ನೀವು ಹೋಗೋದು? ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

ನನಗಾಗಿ! ಅವಳ ಮುಂದೆ ಮಂಡಿಯೂರಿ ಕೂತೆ.

"ನಿನ್ನೆ ಸಂಜೆ ನಾನು ನೋಡಿದ್ದೆ. ನೀವು ಹಣೆ ಒತ್ಕೊಂಡಿದ್ದು. ನೋಡಿಯೂ ಕೇಳ್ಲಿಲ್ಲ."

"ಗೊತ್ತಿದ್ದೂ ಸುಮ್ಮನಿದ್ರಾ? ಯಾಕೆ?"

"ನಾನು ಇಳಿಸಿದವರು ಯಾರೂ ಮತ್ತೆ ನನಗೆ ಫೋನ್ ಮಾಡಿಲ್ಲ. ಮುಖ ತಿರುಗಿಸ್ಕೊಂಡು ಹೋಗ್ತಾರೆ. ಬೇರೆಯವರು ಹೋಗ್ಲಿ, ನೀವು ಹಾಗೆ ಹೋಗೋದು ನನ್ನ ಕೈಲಿ ನೋಡೋಕಾಗ್ತಿರ್ಲಿಲ್ಲ. ನೀವಂದ್ರೆ ನನಗೆ ಅಷ್ಟು ಇಷ್ಟ." ಗ್ಲೌಸ್ ತೆಗೆದುಕೊಂಡು ಅವಳ ಕೈಗೆ ಹಾಕಿದೆ. "ಈಗ ಬೇಕಾದ್ರೆ ಹಾಗೇ ಹೋಗಿ. ಆದ್ರೆ ಇಳೀಲೇಬೇಕು. ಹೊತ್ಕೊಂಡಾದ್ರೂ ಇಳಿಸ್ತೀನಿ."

ಅವಳು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು. ಆಮೇಲೆ ಕೈ ಚಾಚಿದಳು. ಎಬ್ಬಿಸಿ, ಅವಳ ತೋಳನ್ನು ನನ್ನ ಹೆಗಲ ಮೇಲೆ ಹಾಕಿಕೊಂಡೆ. ವಾಕಿಟಾಕಿಯಲ್ಲಿ ಮುಂದಿನ ಗೈಡಿಗೆ ವಿಷಯ ತಿಳಿಸಿ ಇಳಿಯತೊಡಗಿದೆ.

ಮೊದಲ ಎರಡು ಗಂಟೆ ನಾನು ಎಣಿಸಿದ್ದು ಅವಳ ಉಸಿರನ್ನು ಮಾತ್ರ. ಗಿಡಮರಗಳು ಶುರುವಾಗುವಲ್ಲಿ ಹೆಜ್ಜೆ ಗಟ್ಟಿಯಾಯಿತು. ಮಧ್ಯಾಹ್ನ ಮೊದಲ ದಿನದ ಕ್ಯಾಂಪು ತಲುಪುವಾಗ ಕೆನ್ನೆಗೆ ಬಣ್ಣ ಬಂದಿತ್ತು. ಬ್ರೆಡ್ ಕೊಟ್ಟೆ, ತಿಂದಳು. ಇನ್ನೂ ಇದೆಯಾ ಎಂದು ಕೇಳಿದಳು. ನನಗೆ ಅಳು ಬಂತು. ಬೆನ್ನು ತಿರುಗಿಸಿ ಸ್ಟವ್ ಸರಿಮಾಡುವ ನೆಪ ಹೂಡಿದೆ.

"ಸಿಟ್ಟು ಬಂದಿದೆ ನನಗೆ," ಎಂದಳು ಹಿಂದಿನಿಂದ. "ಇಳಿಸಿದ್ದಕ್ಕಲ್ಲ. ನಿನ್ನೆನೇ ಇಳಿಸಲಿಲ್ವಲ್ಲ, ಅದಕ್ಕೆ."

"ಬರಬೇಕಾದ್ದೇ."

"ನಾನೂ ಮುಚ್ಚಿಟ್ಟೆ. ಅದಕ್ಕೆ ಅರ್ಧ ಕ್ಷಮಿಸಿದೀನಿ."

ಬ್ರೆಡ್ಡಿನ ಪೊಟ್ಟಣ ಮಡಿಸುವ ಸದ್ದು ಕೇಳಿಸಿತು.

"ನಾನೂ ಫೋನ್ ಮಾಡಲ್ಲ, ತಿಳ್ಕೊಳಿ."

ಅಂದುಕೊಂಡಿದ್ದೇ ಆಗಿತ್ತು. ತಲೆ ಎತ್ತದೆ, "ಸರಿ ಬಿಡಿ," ಎಂದೆ.

"ಏನ್ ಸರಿ? ಫೋನ್ ಮಾಡಬೇಕಂದ್ರೆ ನಿಮ್ಮನ್ನ ಇಲ್ಲಿ ಬಿಟ್ಟು ಹೋಗಬೇಕಲ್ಲ! ನಾಳೆ ಗುಂಪು ಇಳಿದ ಮೇಲೆ ನಿಮಗೆ ಎಷ್ಟು ದಿನ ರಜೆ?"

"ಹತ್ತು ದಿನ."

"ಹಾಗಾದ್ರೆ ನನ್ನ ಜೊತೆ ಬಸ್ ಹತ್ತಿ. ಅಕ್ಕನ ಹತ್ರ ಎಲ್ಲಾ ಹೇಳ್ತೀನಿ. ಚೆನ್ನಾಗಿ ಬೈತಾಳೆ. ಬೈಸ್ಕೊಂಡು, ಊಟ ಮಾಡಿ, ಆಮೇಲೂ ಇಷ್ಟ ಇದೆ ಅನ್ನಿಸಿದ್ರೆ ಇನ್ನೊಂದು ಸಲ ಹೇಳಿ. ಇವತ್ತು ನನ್ನ ತಲೆ ನೆಟ್ಟಗಿರ್ಲಿಲ್ಲ, ಅರ್ಧ ಕೇಳಿಸ್ಲೇ ಇಲ್ಲ."

ಅಕ್ಕನ ಮನೆಯ ಊಟದವರೆಗೆ ತಡೆದುಕೊಳ್ಳುವ ತಾಳ್ಮೆ ನನಗಿರಲಿಲ್ಲ. ಸ್ಟವ್ ಆರಿಸಿ, ಅವಳ ಎದುರಿಗೆ ಬಂದು ಕೂತು, ಅಲ್ಲೇ ಇನ್ನೊಂದು ಸಲ ಹೇಳಿದೆ.