ಕೈಗೆ ಕೊಡದ ಕತ್ತರಿ

ಕಟಿಂಗ್ ಮಾಸ್ಟರ್ ಕತ್ತರಿಯನ್ನು ಒಮ್ಮೆಯೂ ಅವಳ ಕೈಗೆ ಕೊಟ್ಟವನಲ್ಲ. ಅಂಗಡಿಯಲ್ಲಿ ಉಳಿದವರಿಗೆಲ್ಲ ಕೈಗೇ ಕೊಡುವವನು, ಇವಳು ಅಂಗೈ ಚಾಚಿದರೆ ಮಾತ್ರ ಮೇಜಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದ. ಗುಂಡಿ, ಕಾಜಾ ಹಾಕುವ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಮನಸ್ಸಿಗೆ ಹಿಡಿಸಿದವನೇ ಹೀಗೆ ಮಾಡಿದರೆ ಉರಿ ಇನ್ನೂ ಜಾಸ್ತಿ. ಕೊನೆಗೆ ಬೇರೆ ಟೈಲರ್ ಅಂಗಡಿಗೆ ಹೋಗುವುದೆಂದು ತೀರ್ಮಾನಿಸಿದಳು.

ಇವತ್ತೇ ಕೊನೆಯ ದಿನ. ಸೂಜಿಡಬ್ಬಿ ಆಗಲೇ ಚೀಲ ಸೇರಿತ್ತು. ಅಷ್ಟರಲ್ಲಿ ಅವನ ಅಂಗಿಯ ಎದೆಯ ಗುಂಡಿ ಕಿತ್ತು ಬಂತು.

“ಬಿಚ್ಚೋದು ಬೇಡ, ಹಾಗೇ ನಿಂತ್ಕೊಳ್ಳಿ,” ಎಂದು ಡಬ್ಬಿ ಹೊರತೆಗೆದಳು. ಒಂದು ತುಂಡು ದಾರ ಕೊಟ್ಟಳು. “ಇದನ್ನ ಹಲ್ಲಲ್ಲಿ ಕಚ್ಕೊಳ್ಳಿ.”

“ಯಾಕೆ?”

“ಮೈಮೇಲಿರೋ ಬಟ್ಟೆ ಹೊಲಿಯುವಾಗ ದಾರ ಕಚ್ಕೊಂಡಿಲ್ಲಾಂದ್ರೆ ಬಟ್ಟೆ ಜೊತೆ ಬುದ್ಧೀನೂ ಹೊಲ್ದು ಹೋಗುತ್ತಂತೆ. ನಮ್ಮಜ್ಜಿ ಹೇಳ್ತಿದ್ರು.”

ಅವನ ದೇಶ ಬೇರೆ, ಮನೆಮಾತು ಬೇರೆ; ಕನ್ನಡ ಇಲ್ಲಿಗೆ ಬಂದ ಮೇಲೆ ಕಲಿತದ್ದು. ಆದರೆ ಅಜ್ಜಿಯರ ಅಧಿಕಾರ ಎಲ್ಲ ಕಡೆಯೂ ನಡೆಯುತ್ತದೆ. ಅವನು ತೆಪ್ಪಗೆ ದಾರ ಕಚ್ಚಿಕೊಂಡ.

ಇಷ್ಟು ಹತ್ತಿರದಿಂದ ಅವಳು ಅವನ ಮುಖ ನೋಡಿರಲೇ ಇಲ್ಲ. ಅವನ ಕಣ್ಣು ಸೂಜಿಯ ಮೇಲಿರಲಿಲ್ಲ, ಅವಳ ಮೇಲಿತ್ತು. ಹೇಗೂ ಬಾಯಿ ಬಿಡುವಂತಿಲ್ಲವಲ್ಲ ಎಂದು ಅವಳಿಗೆ ಧೈರ್ಯ ಬಂತು.

“ನನ್ನ ಕೈ ತಾಗಿದ್ರೆ ಸವೆದು ಹೋಗ್ತಿದ್ರಾ?”

“ಊಂ... ಊಂಹೂಂ...”

“ದಾರ ಉಗುಳ್ಬೇಡಿ!”

ಅವನು ಉಗುಳಿಯೇಬಿಟ್ಟ. “ಬುದ್ಧಿ ಹೋದ್ರೆ ಹೋಗ್ಲಿ. ನಮ್ ಕಡೆ ಕತ್ತರೀನ ಕೈಯಿಂದ ಕೈಗೆ ಕೊಡಲ್ಲ. ಕೊಟ್ರೆ ಇಬ್ಬರ ಸಂಬಂಧ ಕಡಿದು ಹೋಗುತ್ತಂತೆ.”

“ಅಂಗಡಿ ಯಜಮಾನ್ರಿಗೆ ದಿನಾ ಕೈಗೇ ಕೊಡ್ತೀರಲ್ಲ?”

“ಅವರ ಸಂಬಂಧ ಕಡಿದ್ರೆ ನಂಗೇನು?”

ಅವಳಿಗೆ ನಗು ಬಂತು, ತಡೆದುಕೊಂಡಳು. “ನಮ್ಮಿಬ್ಬರ ಮಧ್ಯೆ ಸಂಬಂಧ ಎಲ್ಲಿತ್ತು, ಕಡಿಯೋಕೆ?”

“ಇರ್ಲಿಲ್ಲ.” ಅವನ ಕಿವಿ ಕೆಂಪಾಯಿತು. “ಶುರುವಾಗೋಕೆ ಮುಂಚೆನೇ ಕಡಿದು ಹೋಗೋದು ಬೇಡ ಅಂತ. ನೀವಂದ್ರೆ ನಂಗೆ ಅಷ್ಟು ಇಷ್ಟ.”

ಸೂಜಿ ನಿಂತಿತು. ಇಷ್ಟು ದಿನ ಸುಮ್ಮನೆ ಹೊಟ್ಟೆ ಉರಿಸಿಕೊಂಡಿದ್ದಕ್ಕೆ ಅವಳಿಗೆ ಅಳುವೂ ಬಂತು, ಸಂತೋಷವೂ ಆಯಿತು. ಕೊನೆಯ ಗಂಟು ಹಾಕಿದಳು. ಅವನು ಅಭ್ಯಾಸಬಲದಿಂದ ಕತ್ತರಿ ತೆಗೆದು ಅವಳ ಮುಂದೆ ಮೇಜಿನ ಮೇಲಿಟ್ಟ.

ಅವಳು ಅದನ್ನು ಮುಟ್ಟಲಿಲ್ಲ. ಮುಂದೆ ಬಾಗಿ ದಾರವನ್ನು ಹಲ್ಲಿನಿಂದಲೇ ಕಡಿದಳು. ಅವನ ಎದೆ ಡವಡವ ಹೊಡೆದುಕೊಳ್ಳುವುದು ಅವಳ ಹಣೆಗೆ ತಿಳಿಯಿತು.

“ನನ್ನ ಬುದ್ಧಿ ನಿಜವಾಗ್ಲೂ ಹೊಲ್ದು ಹೋಗಿದ್ರೆ?” ಎಂದ, ಮೆಲ್ಲಗೆ.

ಅವಳು ಸೂಜಿಡಬ್ಬಿಯನ್ನು ಚೀಲಕ್ಕೆ ಹಾಕಲಿಲ್ಲ. ಮೇಜಿನ ಮೇಲೆ ಅದರ ಹಳೆಯ ಜಾಗದಲ್ಲೇ ಇಟ್ಟಳು.

“ಇಲ್ಲೇ ಇರ್ತೀನಲ್ಲ,” ಎಂದಳು, “ನಿಧಾನಕ್ಕೆ ಬಿಚ್ಚಿ ಕೊಡ್ತೀನಿ.”