ನೇಕಾರರ ಸಾಲಿನ ಪುಟ್ಟ ಬೂಟು

“ಆ ಬೂಟು ಮುಟ್ಬೇಡ ಕಣಪ್ಪಾ, ಹೊಗೆಗೂಡಲ್ಲೇ ಇರ್ಲಿ,” ಎಂದಳು ಮೋರಾಗ್ ಅಜ್ಜಿ. “ಮೇಲಿಂದ ಇಳಿಯೋದು ಮಗೂನ ಹುಡುಕ್ಕೊಂಡು ಬರುತ್ತೆ. ಮಗು ತೊಟ್ಟು ಸವೆಸಿದ ಬೂಟು ಸಿಕ್ಕಿದ್ರೆ ಮಗೂನೇ ಸಿಕ್ಕಿತು ಅಂತ ಅದರೊಳಗೇ ಕೂತುಬಿಡುತ್ತೆ. ಅದಕ್ಕೇ ಹಿರೀಕರು ಇಟ್ಟಿದ್ದು. ನಿನ್ನ ಮನೇಲೂ ಮಗು ಇದೆ, ನೆನಪಿರ್ಲಿ.”

ಫಿನ್ಲೆ ನಕ್ಕುಬಿಟ್ಟ. “ಇಷ್ಟು ವರ್ಷ ಕೂತು ಸೊಂಟ ಹಿಡಿದಿರುತ್ತೆ ಬಿಡಿ ಅಜ್ಜೀ!”

ಎಡಿನ್‌ಬರೋದಿಂದ ಬಂದು ಇಲ್ಲೇ ಮನೆ ಮಾಡಿದ್ದ ಈ ಮಹಾಶಯ ನಮ್ಮೂರು ಇನ್ವರ್‌ಕೆರ್‌ನಲ್ಲಿ ಅಳಿದುಹೋದ ಕಟ್ಟಡಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ. ನಾವು ಕೈಯಾರೆ ಕೆಡವಿದ್ದನ್ನು ನಮಗೇ ಹೇಳಿಕೊಡುವ ಉತ್ಸಾಹ! ನೇಕಾರರ ಸಾಲಿನ ಕೊನೆಯ ಮನೆಯನ್ನು ಅಂದು ಕೆಡವುತ್ತಿದ್ದರು. ಅದರ ಹೊಗೆಗೂಡಲ್ಲಿ ಸಿಕ್ಕ, ಮಸಿ ಹಿಡಿದ ಆ ಬೂಟನ್ನು ಫಿನ್ಲೆ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದ. ಆರು ವರ್ಷದ ಮಗಳು ಐಲಾ ಅದನ್ನು ತನ್ನ ಅಂಗಾಲಿಗೆ ಹಿಡಿದು ನೋಡಿದಳು. ಅಳತೆ ಸರಿಯಾಗಿತ್ತು.

ಮರುದಿನ ಸಂಜೆ ಮಗು ಚಳಿಯೆಂದು ಮುದುಡಿ ಮಲಗಿತು. ಹೊಗೆಗೂಡಿನಿಂದ ಒದ್ದೆ ಮಸಿಯ, ಸುಟ್ಟ ಕೂದಲಿನ ವಾಸನೆ ಇಳಿಯಿತು. ಬೆಂಕಿ ತಾನಾಗಿ ನಂದಿತು. ಕತ್ತಲಲ್ಲಿ ಕರಕರ ಕೆರೆಯುವ ಸದ್ದು.

“ಅಪ್ಪಾ, ಯಾರೋ ನನ್ನ ಕಾಲು ಹಿಡ್ಕೊಂಡಿದಾರೆ.”

ಹೊದಿಕೆ ಸರಿಸಿದ. ಎಡಪಾದ ಮಂಜಿನಷ್ಟು ತಣ್ಣಗಿತ್ತು. ಸುತ್ತ ಮಸಿಯ ಬೆರಳಚ್ಚು.

ಇದ್ದಲ್ಲೇ ಇಟ್ಟುಬರೋಣವೆಂದು ಬೂಟು ಹಿಡಿದು ಓಡಿದ. ಎಲ್ಲಿಯ ಮನೆ, ಎಲ್ಲಿಯ ಹೊಗೆಗೂಡು! ಬರೀ ಸಪಾಟು ಮಣ್ಣು. ಕಲ್ಲುಗಳನ್ನೂ ಲಾರಿಯಲ್ಲಿ ಸಾಗಿಸಿಯಾಗಿತ್ತು. ಅಜ್ಜಿಯ ಬಾಗಿಲು ಬಡಿದ.

“ಆ ಬೂಟು ಈಗ ಖಾಲಿ ಕಣೋ, ಹಾಳಾದವನೇ! ನಿನ್ನ ಮಗಳ ಬೂಟನ್ನೇ ನಿನ್ನ ಹೊಗೆಗೂಡಲ್ಲಿ ಇಡು. ಅದರ ಜೊತೆ ಇನ್ನೇನು ಹೋಗುತ್ತೋ, ನಾ ಹೇಳ್ಲಾರೆ. ಓಡು!”

ಓಡಿದ. ಐಲಾಳ ತುಟಿ ನೀಲಿ. ಮಸಿ ಮೊಣಕಾಲು ದಾಟಿತ್ತು. ಹೊಗೆಗೂಡಿನ ಕಲ್ಲು ಕಿತ್ತ. ಉಗುರೂ ಕಿತ್ತುಬಂತು. ಎಡಗಾಲಿನ ಬೂಟು ತುರುಕಿದ. ಮುಚ್ಚಿದ. ಹಾಸಿಗೆಯಿಂದ ಹೊಗೆಗೂಡಿನವರೆಗೆ ಏನೋ ಸರಸರ ಜಾರಿತು. ಮಗು ಉಸಿರೆಳೆದು ಅತ್ತಿತು. ಆ ಅಳು ಕೇಳಿ ಅವನೂ ಗೊಳೋ ಎಂದು ಅತ್ತ.

ಈಗ ಐಲಾಗೆ ಹದಿನೇಳು. ಎಡಪಾದ ಮಾತ್ರ ಆರು ವರ್ಷದ ಮಗುವಿನದೇ. ಹೇಗೋ ಕುಂಟಿಕೊಂಡು ನಗುನಗುತ್ತಾ ಓಡಾಡುತ್ತಾಳೆ, ಪಾಪ. ಫಿನ್ಲೆ ಪುಸ್ತಕ ಬರೆಯುವುದನ್ನು ಬಿಟ್ಟು, ಆ ಹೊಗೆಗೂಡಿನ ಗೋಡೆ ಕಾಯುತ್ತಾ ಕೂತಿದ್ದಾನೆ.

ಹೋದ ವಾರ ಹೊಸ ರಸ್ತೆಗೆಂದು ಪುರಸಭೆಯವರು ಬಂದು, ಅವನ ಮನೆಯನ್ನೂ ಕೆಡವಬೇಕೆಂದು ಗೋಡೆಗೆ ಬಣ್ಣದ ಗುರುತು ಹಾಕಿ ಹೋದರು.