ಕೃತ್ತಿಕೆ ಹುಟ್ಟುವ ಹೊತ್ತು

"ನಮ್ಮಜ್ಜನ್ನ ತಿದ್ದೋಕೆ ನೀವ್ಯಾರು?"

ಮತ್ರಾಹ್‌ನ ಬಂದರು ಪೇಟೆಯ ಪ್ರೆಸ್ಸಿನ ಬಾಗಿಲಲ್ಲೇ ನಿಂತು ಝುವೈನಾ ಕೇಳಿದಳು. ಸಲಾಂ ಇಲ್ಲ, ಕ್ಷೇಮ ವಿಚಾರಣೆ ಇಲ್ಲ. ಬೆಟ್ಟದ ಬುಡದ ತನ್ನ ಹಳ್ಳಿಯಿಂದ ಎರಡು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು. ಕೈಯಲ್ಲಿದ್ದ ಪ್ರೂಫಿನ ಹಾಳೆ ಮುದ್ದೆಯಾಗಿತ್ತು.

ಮಸಿ ಹತ್ತಿದ ಕೈ ಒರೆಸುತ್ತ ದಿಲ್‌ಮುರಾದ್ ತಲೆಯೆತ್ತಿದ. ಮೂರು ತಿಂಗಳಿಂದ ಫೋನಿನಲ್ಲಿ ಕೇಳಿದ್ದ ಧ್ವನಿ. ಅದಕ್ಕೆ ಇಂಥ ಕಾಡಿಗೆ ಕಣ್ಣುಗಳಿರಬಹುದೆಂದು ಅವನು ಎಣಿಸಿರಲಿಲ್ಲ. ಆ ಕಣ್ಣುಗಳು ಈಗ ಅವನನ್ನು ಸುಟ್ಟುಬಿಡುವ ಹಾಗೆ ನೋಡುತ್ತಿದ್ದವು.

"ಟೀಚರ್... ಕೂತ್ಕೊಳ್ಳಿ."

"ಕೂತ್ಕೊಳ್ಳೋಕೆ ಬಂದಿಲ್ಲ."

ಆಕಾಶ ನೋಡುವ ಹವ್ಯಾಸಿಗಳೆಲ್ಲ ಸೇರಿ ಒಂದು ಕೈಪಿಡಿ ಮಾಡುತ್ತಿದ್ದರು. ಒಬ್ಬೊಬ್ಬರು ತಮ್ಮೂರಿನ ನಕ್ಷತ್ರಗಳ ಬಗ್ಗೆ ಒಂದೊಂದು ಪುಟ ಬರೆಯುವುದು, ಉಳಿದವರು ಅದನ್ನು ತಂತಮ್ಮ ಭಾಷೆಗೆ ತರುವುದು. ಅರಬ್ಬಿ, ಸ್ವಾಹಿಲಿ, ಬಲೂಚಿ, ಅಂಗಡಿಯವರ ಮಲಯಾಳಂ. ಝುವೈನಾ ಬರೆದದ್ದು ಅಜ್ಜ ಮುಸಲ್ಲಮ್‌ನ ಲೆಕ್ಕವನ್ನು. ನಲವತ್ತು ವರ್ಷ ಆತ ಹಳ್ಳಿಯ ಫಲಜ್ ಕಾಲುವೆಯ ಬಳಿ ಕೂತು, ನಕ್ಷತ್ರ ನೋಡಿಯೇ ಯಾರ ಖರ್ಜೂರದ ತೋಟಕ್ಕೆ ಯಾವಾಗ ನೀರು ಎಂದು ಹೇಳಿದವನು. ಆತನ ಮಾತಿಗೆ ಊರಿನಲ್ಲಿ ಎದುರಾಡಿದವರಿಲ್ಲ.

ಆ ಪುಟವನ್ನು ಬಲೂಚಿಗೆ ತಂದವನು ದಿಲ್‌ಮುರಾದ್.

"ಚಳಿಗಾಲದ ಶುರುವಲ್ಲಿ ರಾತ್ರಿಯ ಇಶಾ ನಮಾಜಿನ ಕರೆಗೆ ಕೃತ್ತಿಕೆ ಹುಟ್ಟುತ್ತೆ ಅಂತ ನಾನು ಬರೆದಿದ್ದೆ. ನೀವು ಸಂಜೆಯ ಮಗ್ರಿಬ್ ನಮಾಜು ಆದ ಸ್ವಲ್ಪ ಹೊತ್ತಿಗೆ ಅಂತ ಮಾಡಿದೀರಿ. ಒಂದು ಮಾತು ಕೇಳಿದ್ರಾ?"

"ಕೇಳ್ಬೇಕಿತ್ತು, ತಪ್ಪು ನಂದೇ. ಆದ್ರೆ ನಾನೇ ಸಮುದ್ರದ ದಂಡೇಲಿ ನಿಂತು ನೋಡ್ದೆ. ಒಂದಿನ ಅಲ್ಲ, ಆರು ದಿನ. ಇಶಾ ಹೊತ್ತಿಗೆ ಅದು ಎಷ್ಟೋ ಮೇಲೆ ಬಂದಿರುತ್ತೆ."

"ಅಂದ್ರೆ ಅಜ್ಜ ನಲವತ್ತು ವರ್ಷ ಊರಿಗೆಲ್ಲ ಸುಳ್ಳು ಹೇಳಿದ್ರಾ?"

"ನಾನು ಹಾಗಂದ್ನಾ?"

"ಇನ್ನೇನು! ಹೋಗ್ಲಿ ಬಿಡಿ, ಬಲೂಚಿಲಿ ಯಾರು ಓದ್ತಾರೆ? ಅಷ್ಟಾದ್ರೂ ನಮ್ಮ ಮಾನ ಉಳೀತು."

ಮಾತು ಬಾಯಿಂದ ಜಾರಿದ ಮೇಲೆ ಅದರ ಬಿಸಿ ಅವಳಿಗೂ ತಾಗಿತು. ದಿಲ್‌ಮುರಾದ್‌ನ ಮುಖ ಬಿಗಿಯಿತು. ಅವನು ಯಂತ್ರ ನಿಲ್ಲಿಸಿದ.

"ನಮ್ಮಮ್ಮ ಇದಾಳೆ. ಅವಳಿಗೆ ಓದೋಕೆ ಬರಲ್ಲ. ನಾನು ಓದಿ ಹೇಳಿದ್ದನ್ನ ಕೇಳ್ತಾಳೆ. ಈ ಮೂರು ತಿಂಗಳಲ್ಲಿ ಅವಳು ಎರಡು ಸಲ ಕೇಳಿದ ಪುಟ ನಿಮ್ಮದೊಂದೇ. ಅದನ್ನೀಗ ತೆಗೆದುಬಿಡ್ತೀನಿ. ಹೊರಡಿ."

ಅವಳು ಹೊರಟಳು. ದಾರಿಯುದ್ದಕ್ಕೂ ಅತ್ತಳು. ಅವನ ಮೇಲಿನ ಸಿಟ್ಟಿಗೋ ತನ್ನ ಮೇಲಿನ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಸಂಜೆ ಅಜ್ಜನ ಪಕ್ಕದಲ್ಲಿ ಕೂತು, ಏನೂ ಆಗದವಳಂತೆ ಕೇಳಿದಳು: "ಅಜ್ಜ, ಎದುರಿಗೆ ಈ ಬೆಟ್ಟ ಇಲ್ದಿದ್ರೆ ಕೃತ್ತಿಕೆ ಬೇಗ ಕಾಣ್ತಿತ್ತಾ?"

"ಕಾಣ್ತಿತ್ತು. ಬೆಟ್ಟ ಹತ್ತೋಕೆ ಅದಕ್ಕೂ ಹೊತ್ತು ಬೇಡ್ವಾ?"

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಬೆಟ್ಟ ಇಲ್ದೇ ಇರೋ ಊರಿನ ಗೊಡವೆ ನನಗ್ಯಾಕೆ?" ಎಂದು ಮುದುಕ ಗದರಿದ.

ಅವಳಿಗೆ ನಗಬೇಕೆನಿಸಿತು, ತಲೆ ಚಚ್ಚಿಕೊಳ್ಳಬೇಕೆನಿಸಿತು. ಅಜ್ಜನೂ ಸರಿ, ಅವನೂ ಸರಿ. ಆದರೂ ಕ್ಷಮೆ ಕೇಳಲು ನಾಲಿಗೆ ಹೊರಳಲಿಲ್ಲ. ಫೋನ್ ಎತ್ತಿ ಇಷ್ಟೇ ಹೇಳಿ ಕಳಿಸಿದಳು: "ಶುಕ್ರವಾರ ಮಗ್ರಿಬ್ ಹೊತ್ತಿಗೆ ಬನ್ನಿ. ನಿಮ್ಮ ಕಣ್ಣಿಂದಲೇ ನೋಡಿ. ಅಮ್ಮನ್ನೂ ಕರ್ಕೊಂಡು ಬನ್ನಿ."

ಉತ್ತರ ಒಂದು ದಿನ ತಡವಾಗಿ ಬಂತು. "ಬರ್ತೀನಿ. ಸಿಟ್ಟೇನೂ ಹೋಗಿಲ್ಲ."

ಶುಕ್ರವಾರ ತಾಯಿ ಮಗ ಇಬ್ಬರೂ ಬಂದರು. ಅಜ್ಜ ಚಾಪೆಯ ಮೇಲಿಂದಲೇ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದ. "ನನ್ನ ತಿದ್ದಿದವನು ಇವನೇನಾ? ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ."

ಕಾಲುವೆಯ ಕಟ್ಟೆಯ ಮೇಲೆ ಝುವೈನಾ ಮತ್ತು ದಿಲ್‌ಮುರಾದ್ ಎರಡು ಮಾರು ದೂರದಲ್ಲಿ ನಿಂತರು. ಮಗ್ರಿಬ್ ಮುಗಿದು ಬಹಳ ಹೊತ್ತಾಯಿತು. ಕತ್ತಲಾದರೂ ಬೆಟ್ಟದ ನೆತ್ತಿಯಲ್ಲಿ ಏನೂ ಕಾಣಲಿಲ್ಲ. ಅವನು ಕದ್ದು ಅವಳತ್ತ ನೋಡಿದ. ಅವಳೂ ಅದೇ ಹೊತ್ತಿಗೆ ಇತ್ತ ನೋಡಿ, ಸಿಕ್ಕಿಬಿದ್ದವಳಂತೆ ಶಾಲು ಸರಿಮಾಡಿಕೊಂಡಳು.

ಇಶಾದ ಕರೆ ಕೇಳಿತು. ಅದು ಮುಗಿಯುವ ಮೊದಲೇ ಬಂಡೆಯ ಅಂಚಿನಿಂದ ಮಸುಕಾದ ಒಂದು ಗೊಂಚಲು ಮೇಲೆದ್ದಿತು.

ದಿಲ್‌ಮುರಾದ್ ಅವಳತ್ತ ತಿರುಗಿದ. "ಎರಡೂ ಹೊತ್ತು ಅಚ್ಚು ಹಾಕ್ತೀನಿ. ಬೆಟ್ಟದ ಊರಿಗೆ ಒಂದು, ಕಡಲಿನ ಊರಿಗೆ ಒಂದು. ನಿಮ್ಮಜ್ಜನ ಹೆಸರು ದಪ್ಪ ಅಕ್ಷರದಲ್ಲಿ."

ಅವಳು ನೇರವಾಗಿ ಅವನ ತಾಯಿಯ ಬಳಿ ಹೋಗಿ ಮಂಡಿಯೂರಿ ಕೂತು, ತಡವರಿಸುತ್ತ ಬಲೂಚಿಯಲ್ಲಿ ಎರಡು ವಾಕ್ಯ ಹೇಳಿದಳು. ನಿಮ್ಮ ಭಾಷೆಯ ಬಗ್ಗೆ ಹಗುರಾಗಿ ಮಾತಾಡಿದೆ, ನನ್ನ ಮೇಲೆ ಬೇಸರ ಬೇಡ ಎಂದು. ತನ್ನ ಪುಟವನ್ನು ಅವನು ಬಲೂಚಿಯಲ್ಲಿ ಓದಿ ಕಳಿಸಿದ್ದ ಹಳೆಯ ಧ್ವನಿ ಸಂದೇಶಗಳನ್ನು ಕೇಳಿ ಕೇಳಿಯೇ ಜೋಡಿಸಿಕೊಂಡ ಮಾತು. ಮುದುಕಿ ಎರಡನೆಯ ವಾಕ್ಯವನ್ನು ನಗುತ್ತ ತಿದ್ದಿ, ಅವಳ ಕೆನ್ನೆ ಹಿಡಿದಳು. "ಸಿಟ್ಟಿನ ಹುಡುಗಿ ಅಂತ ಇವನು ಹೇಳಿದ್ದ ಮಗಳೇ. ಚೆಂದದ ಹುಡುಗಿ ಅನ್ನೋದನ್ನ ಮುಚ್ಚಿಟ್ಟಿದ್ದ."

ಝುವೈನಾ ಎದ್ದು ಅವನತ್ತ ತಿರುಗಿದಳು. "ಮೂರು ತಿಂಗಳಿಂದ ಫೋನ್ ಮಾಡಿ ಮಾಡಿ ನನ್ನ ಪುಟದಲ್ಲಿ ದಿನಾ ಒಂದು ತಪ್ಪು ಹುಡುಕ್ತಿದ್ರಲ್ಲ, ಯಾಕೆ?"

ಅವನ ಕಿವಿ ಬಿಸಿಯಾಯಿತು. "ಸರಿಯಿದೆ ಅಂದ್ರೆ ನೀವು 'ಆಯ್ತು' ಅಂತೀರಿ, ಅಷ್ಟೇ. ತಪ್ಪು ಅಂದ್ರೆ ಐದು ನಿಮಿಷ ಬೈತೀರಿ. ಆ ಐದು ನಿಮಿಷ ಬೇಕಾಗಿತ್ತು ನನಗೆ."

"ಅಯ್ಯೋ! ಇದಕ್ಕೋಸ್ಕರ ನಾನು ಸಾಲುಸಾಲೇ ತಿದ್ದಿ ಬರೆದೆ! ಇಷ್ಟ ಅಂತ ನೇರವಾಗಿ ಹೇಳೋಕೇನು ಕಷ್ಟ?"

"ಇಷ್ಟ," ಎಂದ ಅವನು. "ತುಂಬಾ."

ಅವಳಿಗೆ ಬೈಯಲು ಒಂದು ಮಾತೂ ಸಿಗಲಿಲ್ಲ. ಆ ಸಿಟ್ಟಿನಲ್ಲೇ ಸರಸರನೆ ಚಾಪೆಯ ಬಳಿ ಹೋಗಿ ನಿಂತಳು.

"ಅಜ್ಜ, ಇವರಮ್ಮ ನಿಮ್ಮ ಹತ್ರ ಒಂದು ಮಾತು ಕೇಳ್ತಾರೆ. ಬಲೂಚಿಯವರು, ದೂರದವರು ಅಂತೆಲ್ಲ ನೀವು ಶುರು ಮಾಡಿದ್ರೆ ನಾನು ನಿಮ್ಮ ಜೊತೇನೂ ಜಗಳ ಆಡ್ತೀನಿ."

ಅಜ್ಜ ಮೊಮ್ಮಗಳನ್ನೂ ಆ ಹುಡುಗನನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ. ಆಮೇಲೆ ಗೊಣಗುತ್ತಲೇ ಕಾಫಿ ಹೂಜಿಯನ್ನು ಎತ್ತಿಕೊಂಡ. ದಿಲ್‌ಮುರಾದ್‌ನ ತಾಯಿ ತನ್ನ ಖಾಲಿ ಬಟ್ಟಲನ್ನು ಮುಂದೆ ಚಾಚಿದಳು.

"ತುಂಬಾ ಹಾಕಿ ಅಣ್ಣಾ," ಎಂದಳು. "ನನ್ನ ಮಾತು ಸ್ವಲ್ಪ ಉದ್ದ ಇದೆ."